ಭೀಮಸೇನರಾಯರ ತಾಯಿ ತೀರಿಕೊಂಡ ಸಂಚಿಕೆ

ಪದ್ಮಾವತಿಬಾಯಿಯವರು ತೀರಿಕೊಂಡದ್ದು ಅರವತ್ತನಾಲ್ಕನೇ ಇಸವಿಯ ಏಪ್ರಿಲ್ ತಿಂಗಳಲ್ಲಿ, ಅಹಮದಾಬಾದಿನಲ್ಲಿ, ನಾಲ್ಕು ಹಾಳೆಯ ಒಂದು ಕತೆಯೊಳಗೆ. ಆಮೇಲೆ ಅವರು ಇಪ್ಪತ್ತೆರಡು ವರ್ಷ ಬದುಕಿದ್ದರು. ಎರಡಕ್ಕೂ ನಾನು ಸಾಕ್ಷಿ. ಮೊದಲನೆಯದಕ್ಕೆ ಸ್ವಲ್ಪಮಟ್ಟಿಗೆ ಕಾರಣವೂ ನಾನೇ.

ಆಗ ನಾನು ನವರಂಗಪುರದ ಒಂದು ವಿಮಾ ಕಚೇರಿಯಲ್ಲಿ ದಫ್ತರಿಯಾಗಿದ್ದೆ. ಹರಿದ ರಿಜಿಸ್ಟರು ಹೊಲಿಯುವುದು, ರಟ್ಟು ಹಾಕುವುದು, ಅಂಚು ಕತ್ತರಿಸುವುದು ನನ್ನ ಕೆಲಸ. ಅಹಮದಾಬಾದಿನ ಕನ್ನಡದವರು ಸೇರಿ ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ತಿಂಗಳಿಗೊಂದು ಸಂಚಿಕೆ, ಸಂಚಿಕೆಗೆ ಒಂದೇ ಪ್ರತಿ. ಅದನ್ನು ಹೊಲಿದು, ಸೈಕಲ್ಲಿನಲ್ಲಿ ಮನೆಯಿಂದ ಮನೆಗೆ ಮುಟ್ಟಿಸುವವನೂ ನಾನೇ. ಒಂದು ಮನೆಯಲ್ಲಿ ಎರಡು ದಿನ ಇರಬೇಕು, ಮೂರನೆಯ ದಿನ ಮುಂದಿನ ಮನೆ. ಅಹಮದಾಬಾದು ಮುಗಿದ ಮೇಲೆ ಗೊತ್ತಿದ್ದ ರೈಲಿನ ಗಾರ್ಡೊಬ್ಬರ ಕೈಯಲ್ಲಿ ಬರೋಡಾಕ್ಕೆ, ಅಲ್ಲಿಂದ ಸೂರತ್ತಿಗೆ. ಕೊನೆಯಲ್ಲಿ ನಾಲ್ಕು ಖಾಲಿ ಹಾಳೆ ಬಿಟ್ಟಿರುತ್ತಿದ್ದೆ. ಓದಿದವರು ಅಲ್ಲಿ ಅಭಿಪ್ರಾಯ ಬರೆಯಬೇಕು.

ಕತೆ ಓದುವವರಲ್ಲಿ ಎಷ್ಟು ನಮೂನೆ ಎಂದು ತಿಳಿಯಬೇಕಾದರೆ ಪತ್ರಿಕೆ ಹಂಚಬೇಕು. ಒಂದು ಮನೆಯ ರಾಯರು ಕೆಂಪು ಶಾಯಿ ಹಿಡಿದೇ ಓದುವರು. ತಪ್ಪಿದ ಒತ್ತಕ್ಷರಗಳೆಲ್ಲ ಸಿಕ್ಕುತ್ತಿದ್ದವು, ಕತಾನಾಯಕ ಸತ್ತನೋ ಬದುಕಿದನೋ ಅವರಿಗೆ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ಮನೆಯ ತಾಯಿ ಕಡೆಯ ಹಾಳೆ ಮೊದಲು ಓದಿ, ಮದುವೆಯಾಗಿದ್ದರೆ ಮಾತ್ರ ಮೊದಲ ಹಾಳೆಗೆ ಬರುವರು. ಮತ್ತೊಬ್ಬರು ಕತೆಯೊಳಗೆ ಅಡಿಗೆ ಬಂದ ಕಡೆ ಬೆರಳಿಟ್ಟು, "ಇದಕ್ಕೆ ಇಂಗು ಹಾಕಿದಳೋ ಇಲ್ಲವೋ ಬರೆದೇ ಇಲ್ಲವಲ್ಲ ವಿಠ್ಠಲ" ಎಂದು ನನ್ನನ್ನು ಕೇಳುವರು. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು, ಏನು ಹೇಳಲಿ. ಹಾಕಿರಬೇಕು ಎನ್ನುತ್ತಿದ್ದೆ.

ಭೀಮಸೇನರಾಯರು ನಮ್ಮ ಕಚೇರಿಯಲ್ಲಿ ಗುಮಾಸ್ತರು. ಗದಗಿನವರು, ಇಪ್ಪತ್ತೇಳು ವರ್ಷ, ದೊಡ್ಡ ಮೀಸೆ, ಸಣ್ಣ ಧ್ವನಿ. ಹೆಂಡತಿ ಬಾಣಂತನಕ್ಕೆ ಬಾಗಲಕೋಟೆಗೆ ಹೋಗಿದ್ದರಿಂದ ಒಬ್ಬರೇ ಇದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ಏಪ್ರಿಲ್ಲಿಗೆ ಎರಡು ವರ್ಷ ತುಂಬುತ್ತಿತ್ತು; ಸಾಹೇಬರು ಒಂದು ವರದಿ ಬರೆದರೆ ಕಾಯಂ, ಬರೆಯದಿದ್ದರೆ ಗದಗು. ಇಷ್ಟು ಚಿಂತೆ ಸಾಲದೆಂದು ಅವರಿಗೆ ಕತೆಗಾರ ಅನ್ನಿಸಿಕೊಳ್ಳುವ ಚಪಲವೂ ಇತ್ತು. ಮೂರು ಕತೆ ಬರೆದಿದ್ದರು. ಒಂದರಲ್ಲಿ ರಾಜ, ಒಂದರಲ್ಲಿ ದೆವ್ವ, ಒಂದರಲ್ಲಿ ಲಂಡನ್ನಿನ ಪತ್ತೇದಾರ. ಮೂರಕ್ಕೂ ಸೇರಿ ಬಂದ ಅಭಿಪ್ರಾಯ ಒಂದೇ: "ಅಕ್ಷರ ದುಂಡಗಿವೆ."

ನೊಂದುಕೊಂಡು ಸಂಪಾದಕರ ಹತ್ತಿರ ಹೋದರು. ಸಂಪಾದಕರು ಬ್ಯಾಂಕಿನ ಲಕ್ಷ್ಮೀನಾರಾಯಣಯ್ಯನವರು, ಮೈಸೂರಿನವರು.

"ನಿಮ್ಮ ಪತ್ತೇದಾರ ಬೆಳಿಗ್ಗೆ ಎದ್ದು ಏನು ತಿಂದ?" ಎಂದು ಅವರು ಕೇಳಿದರು.

"ಅದು ಕತಿಯೊಳಗ ಬರೂದಿಲ್ಲರಿ."

"ಕತೇಲಿ ಬರೋದು ಬೇಡ, ನಿಮಗೆ ಗೊತ್ತಾ?"

"ಇಲ್ಲರಿ."

"ನಿಮಗೇ ಪರಿಚಯ ಇಲ್ಲದೋನು ಸತ್ತರೆ ನಾವ್ಯಾಕ್ರೀ ಅಳಬೇಕು? ಗೊತ್ತಿರೋದು ಬರೀರಿ. ಓದಿದೋರು ಇದು ನಡೆದದ್ದೇ ಅಂತ ಎದ್ದು ಕೂರಬೇಕು." ಇಷ್ಟು ಹೇಳಿ, ಪತ್ರಿಕೆ ನನಗೊಪ್ಪಿಸಿ, ಅವರು ಮಗಳಿಗೆ ಗಂಡು ನೋಡಲು ಒಂದು ತಿಂಗಳ ರಜೆಯ ಮೇಲೆ ಮೈಸೂರಿಗೆ ಹೋದರು.

ಮಾರನೆಯ ದಿನ ಭೀಮಸೇನರಾಯರು ನಾನು ಅಂಟು ಕಲಸುತ್ತಿದ್ದಲ್ಲಿಗೆ ಬಂದು ನಿಂತರು. "ವಿಠ್ಠಲಣ್ಣ, ನಿಮಗ ಯಾವುದರಿಂದ ಅಳು ಬರ್ತದ?"

"ಉಳ್ಳಾಗಡ್ಡಿ ಹೆಚ್ಚಿದ್ರ ಬರ್ತೈತ್ರಿ."

"ಅದಲ್ಲ. ಮನಸಿಗೆ ಹತ್ತಿ ಬರೂದು."

ನಾನು ಸ್ವಲ್ಪ ಯೋಚನೆ ಮಾಡಿ, "ನಮ್ಮವ್ವನ ನೆನಪಾದ್ರ ಬರ್ತೈತ್ರಿ" ಎಂದೆ. ಅವರು ಅದನ್ನು ಕೂಡಲೇ ಒಂದು ಹಳೇ ಲಕೋಟೆಯ ಮೇಲೆ ಬರೆದುಕೊಂಡರು.

ಎಂಟು ದಿನದಲ್ಲಿ ಕತೆ ಬಂತು. ಎಲ್ಲ ಗೊತ್ತಿದ್ದದ್ದೇ. ಗದಗಿನ ತಮ್ಮ ಓಣಿ, ತಮ್ಮ ಮನೆ, ತಾಯಿಯ ಹೆಸರು, ಅವರ ಮೂಗಿನ ಪಕ್ಕದ ನರುಲಿ, ಅವರು ಹಾಕುವ ಮೆಂತ್ಯದ ಹಿಟ್ಟು. ನಡುವೆ 'ನಾನು' ಎಂಬ ಒಬ್ಬ ಗುಮಾಸ್ತ. ವರ್ಷದ ಕೊನೆಯ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಅವನಿಗೆ ತಾಯಿ ಹೋದ ತಂತಿ ಬರುತ್ತದೆ. ಕಲ್ಲುಮನಸ್ಸಿನ ಸಾಹೇಬ ರಜೆ ಕೊಡುವುದಿಲ್ಲವೆಂದು ಅವನಿಗೆ ಗೊತ್ತು. ತಂತಿಯನ್ನು ಮಡಚಿ ಕಿಸೆಗಿಟ್ಟುಕೊಂಡು, ಯಾರಿಗೂ ಹೇಳದೆ ಕೂಡಿಸು ಕಳೆ ಮಾಡುತ್ತ ಕೂರುತ್ತಾನೆ. ಅತ್ತ ತಾಯಿ ಗಂಗಾಜಲ ಕುಡಿದು, ಭೀಮಾ, ಭೀಮಾ, ಭೀಮಾ ಎಂದು ಮೂರು ಸಲ ಕರೆದು ಕಣ್ಣು ಮುಚ್ಚಿದ್ದಾಳೆ. ಹೊಲಿಯುತ್ತ ಓದಿದ ನನಗೇ ದಬ್ಬಣ ಬೆರಳಿಗೆ ಚುಚ್ಚಿತು.

ಭೀಮಸೇನರಾಯರು ಹಾಳೆಯ ತೀರಾ ತುದಿಯಲ್ಲಿ 'ಕತೆ' ಎಂದು ಬರೆದಿದ್ದರು. ನಾನು ಎಲ್ಲ ಹಾಳೆ ಸಮ ಮಾಡಿ ಯಂತ್ರಕ್ಕೆ ಕೊಟ್ಟು ಅಂಚು ಕತ್ತರಿಸಿದೆ. ಆ ಎರಡಕ್ಷರ ಅಂಚಿನ ಜೊತೆ ಹೋಯಿತು. ಹೋದದ್ದೇ ಅಲ್ಲದೆ, ಹುಟ್ಟು, ಸಾವು, ವರ್ಗಾವಣೆಯ ಸುದ್ದಿ ಇರುವ ಹಾಳೆಯ ಬೆನ್ನಿಗೇ ಆ ಕತೆ ಕೂತಿತ್ತು.

ಮೊದಲ ಮೂರು ಮನೆಯಲ್ಲಿ ಪತ್ರಿಕೆ ವಾಪಸು ಕೊಡುವಾಗ ಯಾರೂ ಇಂಗಿನ ಮಾತೆತ್ತಲಿಲ್ಲ. ಕೆಂಪು ಶಾಯಿಯ ರಾಯರು ಒಂದೂ ತಪ್ಪು ತಿದ್ದಿರಲಿಲ್ಲ. ಕನ್ನಡಕ ಒರೆಸುತ್ತ ಒಳಗೆ ಹೋದರು. ನನಗೆ ವಿಚಿತ್ರ ಅನ್ನಿಸಿತು, ಆದರೆ ಕೇಳಲಿಲ್ಲ. ನಾಲ್ಕನೆಯ ಮನೆ ನಮ್ಮ ಸಾಹೇಬರದು.

ಚಂದ್ರಶೇಖರಯ್ಯ ಸಾಹೇಬರೂ ಮೈಸೂರಿನವರೇ. ಅವರ ಕೈಯಲ್ಲಿ ರಜೆ ಪಡೆದವರನ್ನು ಕಚೇರಿಯಲ್ಲಿ ಬೇರೆ ಊರಿಂದ ಬಂದವರಿಗೆ ತೋರಿಸುವ ರೂಢಿ ಇತ್ತು. ಪತ್ರಿಕೆ ಅವರ ಮನೆಗೆ ಹೋದ ಮರುದಿನ ಬೆಳಿಗ್ಗೆ ಭೀಮಸೇನರಾಯರನ್ನು ಒಳಗೆ ಕರೆಸಿದರು. ನಾನು ಒಂದು ಫೈಲು ಕೊಡಲು ಹೋದವನು ಅಲ್ಲೇ ನಿಂತಿದ್ದೆ. ಸಾಹೇಬರ ಕಣ್ಣು ಕೆಂಪಗಿದ್ದವು. ಮೇಜಿನ ಮೇಲೆ ರಜೆಯ ಅರ್ಜಿ, ಅವರೇ ಹಸಿರು ಶಾಯಿಯಲ್ಲಿ ತುಂಬಿದ್ದು. ಹದಿಮೂರು ದಿನ. ಕಾರಣ: ತಾಯಿಯ ಮರಣ.

"ಸಹಿ ಹಾಕಿ" ಎಂದರು.

"ಸರ್, ಅದು ಖರೇ ಅಂದ್ರ..."

"ಏನೂ ಹೇಳಬೇಡಿ. ನನ್ನ ಹೆಂಡತಿ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ತಂತಿ ಜೇಬಲ್ಲಿಟ್ಟುಕೊಂಡು ಕೂತಿದ್ರಲ್ರೀ. ನಾನೇನು ಹುಲಿಯೇ?"

ಸಾಹೇಬರು ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು. ಭೀಮಸೇನರಾಯರು ಆ ಕರ್ಚೀಫನ್ನೇ ನೋಡಿದರು. ನೋಡಿ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ನಾನು ಕಸದ ಬುಟ್ಟಿ ಜಾಲಾಡಿ 'ಕತೆ' ಎಂಬ ಕಾಗದದ ಚೂರು ಹುಡುಕಿ ಅವರಿಗೆ ತೋರಿಸಿದೆ. "ತಪ್ಪು ನಂದ್ರಿ. ಈಗ ಹೋಗಿ ಹೇಳಿಬಿಡೋಣ ಬರ್ರಿ."

"ವಿಠ್ಠಲಣ್ಣ, ಸಾಹೇಬ್ರು ಅತ್ರು. ಕತಿ ಗೆದ್ದಂಗ ಅಲ್ಲೇನು?"

"ಕತಿ ಗೆದ್ದಿತ್ರಿ. ಸುಳ್ಳು ಕಾರಣ ಹೇಳಿ ರಜಾ ತಗೊಂಡ್ರು ಅಂತ ಗೊತ್ತಾದ್ರ ನೌಕರಿ ಹೋಗ್ತೈತಿ."

"ಹೇಳಿದ್ರೂ ಹೋಗ್ತದ, ಅವರು ಅತ್ತದ್ದು ಲುಕ್ಸಾನ ಆಗ್ತದಲ್ಲ. ಹದಿಮೂರು ದಿನ ಸುಮ್ನ ಇರೋಣ. ಅವ್ವ ಗದಗಿನ್ಯಾಗ ಇದ್ದಾಳ. ಯಾರಿಗೆ ಗೊತ್ತಾಗಬೇಕು?"

ಇರುವುದೇನೋ ಸುಮ್ಮನೆ ಇದ್ದರು. ಊರು ಸುಮ್ಮನಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಹನ್ನೊಂದು ಮನೆಯಿಂದ ಡಬ್ಬಿ ಬರತೊಡಗಿದವು. ದುಃಖದಲ್ಲಿದ್ದವರಿಗೆ ಖಾರ ಕೊಡಬಾರದೆಂದು ಮೈಸೂರಿನವರು ಸಪ್ಪೆ ಬೇಳೆ ಕಳಿಸಿದರೆ, ದುಃಖದಲ್ಲಿದ್ದವರಿಗೆ ಬಾಯಿ ಕೆಟ್ಟಿರುತ್ತದೆಂದು ಧಾರವಾಡದವರು ಶೇಂಗಾ ಚಟ್ನಿ ಕಳಿಸಿದರು. ಸಾಹೇಬರು ಎಲ್ಲರಿಗಿಂತ ಮುಂದೆ ಹೋಗಿ ಒಬ್ಬ ಕ್ಷೌರಿಕನನ್ನು ಕಳಿಸಿದರು. ಶಾಸ್ತ್ರ ಬಿಡಬಾರದು ಎಂದು ಹೇಳಿಕಳಿಸಿದ್ದರು. ಕ್ಷೌರಿಕ ಕತ್ತಿ ಮಸೆದು ಕಾಯುತ್ತ ಕೂತ. ಭೀಮಸೇನರಾಯರು ಅವನಿಗೆ ಚಹಾ ಕುಡಿಸಿದರು, ಪೇಡೆ ಕೊಟ್ಟರು, ಊರು ಕೇರಿ ವಿಚಾರಿಸಿದರು. ತಲೆಯನ್ನೇನೋ ಉಳಿಸಿಕೊಂಡರು. ಮೀಸೆ ಹೋಯಿತು.

ಇದನ್ನೆಲ್ಲ ಕೆಳಗಿನಿಂದ ನೋಡುತ್ತಿದ್ದವರು ಮನೆಯ ಒಡತಿ ಕಾಂತಾಬೆನ್. ಅವರಿಗೆ ಕನ್ನಡ ಬಾರದು, ಆದರೆ ಬಾಡಿಗೆದಾರನ ಮೀಸೆ ಹೋದದ್ದು ಯಾವ ಭಾಷೆಯಲ್ಲೂ ಅರ್ಥವಾಗುತ್ತದೆ. "ಭೀಮಸೇನಭಾಯ್ ಕೀ ಬಾ ಗುಜರ್ ಗಯೀ ಔರ್ ಹಮ್ ಕೋ ಬತಾಯಾ ಭೀ ನಹೀಂ" ಎಂದು, ತಮಗೆ ತಿಳಿಸಲಿಲ್ಲವೆಂದು ನನ್ನ ಮೇಲೆ ರೇಗಿ, ತಾಯಿ ಹೋದ ಸುದ್ದಿಯನ್ನು ಓಣಿಗೆಲ್ಲ ಮುಟ್ಟಿಸಿದರು. ಅವರಲ್ಲಿ ಯಾರಾದರೂ ತೀರಿಕೊಂಡರೆ ಒಂದು ದಿನ ಗೊತ್ತುಮಾಡಿ, ಬಿಳಿ ಚಾದರ ಹಾಸಿ, ಬಿಳಿ ಉಟ್ಟು ಎಲ್ಲರೂ ಬಂದು ಕೂತು ಹೋಗುವ ಪದ್ಧತಿ. ಬೇಸಣು ಎನ್ನುತ್ತಾರೆ. ಗುರುವಾರ ನಾಲ್ಕು ಗಂಟೆಗೆ ತಮ್ಮ ಜಗಲಿಯಲ್ಲೇ ಬೇಸಣು ಎಂದು ಕಾಂತಾಬೆನ್ ತೀರ್ಮಾನಿಸಿದರು. ಭೀಮಸೇನರಾಯರ ಪೆಟ್ಟಿಗೆಯಿಂದ ತಾಯಿಯ ಫೋಟೋ ತಾವೇ ತೆಗೆಸಿಕೊಂಡು ಹೂವಿನ ಹಾರಕ್ಕೆ ಹೇಳಿದರು.

ಬುಧವಾರ ಒಂದು ಕಾರ್ಡು ಬಂತು. "ಚಿ. ಭೀಮನಿಗೆ ಆಶೀರ್ವಾದ. ಸೊಸೆ ಇಲ್ಲದ ಮನಿಯೊಳಗ ನೀ ಏನು ತಿನ್ನುತಿ ಅಂತ ಚಿಂತೆಯಾಗಿ ಹೊರಟೀನಿ. ಗುರುವಾರ ಮಧ್ಯಾಹ್ನದ ಗಾಡಿ."

ಭೀಮಸೇನರಾಯರು ಕಾರ್ಡನ್ನು ಎರಡು ಸಲ ಓದಿ, ಮೀಸೆಯಿದ್ದ ಜಾಗವನ್ನು ಮುಟ್ಟಿಕೊಂಡರು. "ವಿಠ್ಠಲಣ್ಣ, ನಾ ಕಾಲುಪುರ ಸ್ಟೇಷನ್ನಿಗೆ ಹೋಗಿ ಅವ್ವನ್ನ ಹಂಗಽ ದ್ವಾರಕಾ ಯಾತ್ರೆಗೆ ಕರಕೊಂಡು ಹೋಗ್ತೀನಿ. ನೀವು ಬೇಸಣು ನೋಡಿಕೊಳ್ರಿ."

ಅವರು ಹನ್ನೆರಡಕ್ಕೇ ಹೋಗಿ ಪ್ಲಾಟ್‌ಫಾರಮ್ಮಿನ ಮೇಲೆ ನಿಂತರು. ತಾಯಿ ಗಾಡಿಯಲ್ಲಿ ಪರಿಚಯವಾದ ಒಂದು ಸಂಸಾರದ ಜೊತೆ ಒಂದು ನಿಲ್ದಾಣ ಮೊದಲೇ ಮಣಿನಗರದಲ್ಲಿ ಇಳಿದು, ಕಾರ್ಡಿನ ಮೇಲೆ ಬರೆಯುವ ವಿಳಾಸ ಬಾಯಿಪಾಠವಿದ್ದದ್ದರಿಂದ ಕುದುರೆಗಾಡಿ ಮಾಡಿಕೊಂಡು, ನಾಲ್ಕೂ ಕಾಲಿಗೆ ಸರಿಯಾಗಿ ಮನೆಯ ಮುಂದೆ ಇಳಿದರು. ಕಂಕುಳಲ್ಲಿ ಉಪ್ಪಿನಕಾಯಿಯ ಭರಣಿ.

ಜಗಲಿ ತುಂಬ ಬಿಳಿ ಸೀರೆಯವರು ತಲೆ ತಗ್ಗಿಸಿ ಕೂತಿದ್ದರು. ತಾಯಿ ಒಂದು ಕ್ಷಣ ನಿಂತು ನೋಡಿದರು. ಸಾವಿನ ಮನೆಯ ಮುಂದೆ ಹಾದು ಹೋಗುವ ಹೆಂಗಸಲ್ಲ ಅವರು. ಭರಣಿ ಮೂಲೆಗಿಟ್ಟು, ಸೆರಗು ಹೊದ್ದು, ಕಾಂತಾಬೆನ್ ಪಕ್ಕದಲ್ಲಿ ಕೂತರು. ಕಾಂತಾಬೆನ್ ಅವರ ಕೈ ಹಿಡಿದು ಅತ್ತರು. ಇವರೂ ಅತ್ತರು. ಐದು ನಿಮಿಷವಾದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೀವು ನಮ್ಮ ಕಡೆಯವರ ಹಂಗ ಕಾಣ್ತೀರಿ. ಹೋದವರು ಯಾರಪಾ?" ಎಂದರು.

ನಾನು ಭರಣಿಯನ್ನು ಯಾರ ಕಾಲೂ ತಾಗದ ಹಾಗೆ ಇನ್ನಷ್ಟು ಮೂಲೆಗೆ ಸರಿಸಿದೆ.

ಅವರು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಹಾರ ಹಾಕಿದ ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಚಂದ್ರಶೇಖರಯ್ಯ ಸಾಹೇಬರು ಹೆಂಡತಿ ಗಿರಿಜಮ್ಮನವರ ಜೊತೆ ಡಬ್ಬಿ ಹಿಡಿದು ಬಂದರು. ಕೂತ ಹೆಂಗಸರಲ್ಲಿ ಕನ್ನಡದ ಮುಖ ಇದೊಂದೇ ಎಂದು ಸಾಹೇಬರು ಪದ್ಮಾವತಿಬಾಯಿಯವರ ಮುಂದೆಯೇ ಮಂಡಿಯೂರಿ ಕೂತರು.

"ಊರಿಂದ ಬಂದಿರಾ ತಾಯಿ? ನೀವು ಅವರಿಗೆ ಏನಾಗಬೇಕು?"

"ಯಾರಿಗೆ?"

"ಹೋದವರಿಗೆ."

ತಾಯಿ ಫೋಟೋ ಕಡೆ ನೋಡಿದರು. "ಭಾಳ ಹತ್ತಿರದಾಕಿ" ಎಂದರು.

"ಎಲ್ಲ ನನ್ನಿಂದ ಆದದ್ದು" ಎಂದು ಸಾಹೇಬರು ತಲೆ ತಗ್ಗಿಸಿದರು. "ಕೊನೆಗಾಲದಲ್ಲಿ ಬಹಳ ಕಷ್ಟಪಟ್ಟರಾ?"

"ಇಲ್ಲಪಾ. ಗುಂತಕಲ್ಲಿನಿಂದ ಬಂದಾಕಿ ಒಬ್ಬಾಕಿ ಗಾಡಿಯೊಳಗ ಕಾಲು ಚಾಚಿ ಮಲಗಿದ್ಲು, ಅಷ್ಟಽ ಕಷ್ಟ."

ಸಾಹೇಬರು ಇದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಭೀಮಸೇನರಾಯರು ಬೆವರು ಸುರಿಸುತ್ತ ಸ್ಟೇಷನ್ನಿನಿಂದ ಬಂದು ಗೇಟಿನಲ್ಲಿ ನಿಂತರು.

"ಭೀಮಾ," ಎಂದರು ತಾಯಿ, "ಮೀಸಿ ಎಲ್ಲಿ?"

ಜಗಲಿಯ ಅಳು ನಿಂತಿತು. ಗಿರಿಜಮ್ಮನವರು ಫೋಟೋ ನೋಡಿದರು, ತಾಯಿಯ ಮುಖ ನೋಡಿದರು, ಮೂಗಿನ ಪಕ್ಕದ ನರುಲಿ ನೋಡಿದರು. "ರೀ, ಇವರೇ ರೀ" ಎಂದರು.

ಸಾಹೇಬರ ಮುಖದಲ್ಲಿ ಮೊದಲು ಒಂದು ದೊಡ್ಡ ಮೂಟೆ ಇಳಿಸಿದವರ ಸಮಾಧಾನ ಬಂತು. ಅದು ಅರ್ಧ ನಿಮಿಷ ಇತ್ತು. ಆಮೇಲೆ ಕಚೇರಿಯ ಮುಖ ಬಂತು.

"ಭೀಮಸೇನರಾವ್, ಅರ್ಜಿಯ ಮೇಲೆ ನಿಮ್ಮ ಸಹಿ ಇದೆ. ಸುಳ್ಳು ಕಾರಣ. ಕಾಯಮ್ಮಿನ ಮಾತು ಬಿಡಿ, ನಾಳೆಯಿಂದ ನೀವು ಬರೋದೇ ಬೇಕಾಗಿಲ್ಲ."

ನಾನು ಕಿಸೆಯಿಂದ ಕಾಗದದ ಚೂರು ತೆಗೆದು ಅವರ ಕೈಗೆ ಕೊಟ್ಟೆ. "ಅದು ಕತಿ ಇತ್ರಿ ಸಾಹೇಬ್ರ. ನಾ ಅಂಚು ಕತ್ತರಿಸುವಾಗ ಹೋತು."

"ಕತೆಯಾ?" ಸಾಹೇಬರು ಚೂರನ್ನು ಹಿಂದೆ ಮುಂದೆ ತಿರುಗಿಸಿದರು. "ಕತೆಗೆ ನಾನು ಅತ್ತೆನಾ? ಮೂರು ದಿನ ಊಟ ಬಿಟ್ಟೆ ಕಣ್ರೀ."

"ನೀವು ಬಿಡಲಿಲ್ಲ, ನಾನು ಹಾಕಲಿಲ್ಲ" ಎಂದರು ಗಿರಿಜಮ್ಮ.

ಸುದ್ದಿ ಗುಜರಾತಿಗೆ ದಾಟುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ದಾಟಿದ ಮೇಲೆ ಕಾಂತಾಬೆನ್ ಎದ್ದು ಫೋಟೋದ ಹಾರ ತೆಗೆದು, ಏನು ಮಾಡಬೇಕೆಂದು ತೋಚದೆ, ಅದನ್ನೇ ತಾಯಿಯ ಕೊರಳಿಗೆ ಹಾಕಿದರು. ಅಳಲು ಬಂದವರು ಯಾರೂ ಎದ್ದು ಹೋಗಲಿಲ್ಲ. ಸತ್ತವರನ್ನು ನೋಡಲು ಎಲ್ಲ ಕಡೆಯೂ ಸಿಕ್ಕುತ್ತದೆ, ಸತ್ತು ಬದುಕಿದವರು ಸಿಕ್ಕುವುದು ಅಪರೂಪ.

"ಏನದು ಕತಿ? ಓದ್ರಿ, ಕೇಳ್ತೀನಿ" ಎಂದು ತಾಯಿ ಹಾರ ಸರಿಮಾಡಿಕೊಂಡು ಕೂತರು. ಪತ್ರಿಕೆ ಅಂದು ನನ್ನ ಸೈಕಲ್ಲಿನ ಚೀಲದಲ್ಲೇ ಇತ್ತು. ಭೀಮಸೇನರಾಯರು ಅದನ್ನು ನನ್ನ ಕೈಗೇ ತಳ್ಳಿದ್ದರಿಂದ ನಾನೇ ಓದಿದೆ. ಅಕ್ಷರ ಕೂಡಿಸಿ ಕೂಡಿಸಿ ಓದುವವನಾದ್ದರಿಂದ ಪದ್ಮಾವತಿಬಾಯಿಯವರು ಸಾಯಲು ಅರ್ಧ ಗಂಟೆ ಹಿಡಿಯಿತು. ಅವರು ಅಲ್ಲಾಡದೆ ಕೇಳಿದರು. ನಾನು ಮುಗಿಸಿದಾಗ ಗಿರಿಜಮ್ಮ ಮತ್ತೆ ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಎದುರಿಗೇ ಹಾರ ಹಾಕಿಕೊಂಡು ಕೂತವರ ಸಾವಿಗೆ ಅಳುವುದು ಹೇಗೆಂದು ನನಗೆ ಇಂದಿಗೂ ತಿಳಿದಿಲ್ಲ, ಆದರೆ ಅವರು ಅತ್ತದ್ದು ನಿಜ.

"ಬರದದ್ದು ಛಲೋ ಅದ" ಎಂದರು ತಾಯಿ. "ಆದ್ರ ನಾ ಹಿಂಗ ಸಾಯೂದಿಲ್ಲ."

"ಅವ್ವಾ..." ಎಂದರು ಭೀಮಸೇನರಾಯರು.

"ನೀ ಸುಮ್ನಿರು. ಸಾಯೂದು ಇರ್ಲಿ, ಕತಿಗೆ ಬೇಕಂದ್ರ ಸಾಯ್ತೀನಿ. ಆದ್ರ ನಿನ್ನ ಹೆಸರು ಮೂರು ಸಲ ಯಾಕ ಕರೀಲಿ? ಕರದ್ರ ನೀ ಯಾವಾಗರ ಓ ಅಂದೀಯೇನು? ಜೀವ ಹೋಗೂ ಹೊತ್ತಿನ್ಯಾಗೂ ನಾ, ಹಾಲು ಉಕ್ಕೀತು ನೋಡ್ರೆ, ಅಂತೀನಿ. ಅದನ್ನ ಬರಿ."

ಗಿರಿಜಮ್ಮ ಹೌದೆಂದು ತಲೆಯಾಡಿಸಿದರು.

"ಇನ್ನ ಈ ಸಾಹೇಬ. ಇವನ ಹತ್ರ ನೀ ರಜಾ ಕೇಳಿದೇನು?"

"ಕತಿಯೊಳಗ ಕೇಳೂದಿಲ್ಲ ಅವ್ವ. ಕೊಡೂದಿಲ್ಲ ಅಂತ ಗೊತ್ತಿರ್ತದ."

"ಕೇಳದನಽ ಕೊಡಲಿಲ್ಲ ಅಂದ್ರ ತಪ್ಪು ಯಾರದು?"

ಸಾಹೇಬರು ನೆಟ್ಟಗೆ ಕೂತರು. "ಅದೇ ತಾಯಿ. ಅದೇ ನಾನೂ ಹೇಳೋದು. ಒಂದು ಮಾತು ಕೇಳಿದ್ರೆ ಕೊಡ್ತಿದ್ದೆ."

ಗಿರಿಜಮ್ಮ ಜಗಲಿಯ ಕಂಬ ನೋಡಿದರು. ಕನ್ನಡ ಬಾರದ ಕಾಂತಾಬೆನ್ ಕೂಡ ಒಮ್ಮೆ ಕೆಮ್ಮಿದರು.

"ಈ ಸಂಚಿಕೆ ಮುಂದೆ ಎಲ್ಲಿಗೆ ಹೋಗುತ್ತೆ?" ಎಂದು ಸಾಹೇಬರು ಧ್ವನಿ ಇಳಿಸಿ ನನ್ನನ್ನು ಕೇಳಿದರು.

"ನಾಡದು ಬರೋಡಾಕ್ಕರಿ."

"ಬರೋಡಾದಲ್ಲಿ ಮೊದಲನೇ ಮನೆ?"

"ನಿಮ್ಮ ಮಾವನವರದ್ರಿ."

ಸಾಹೇಬರ ಹಣೆಯ ಮೇಲೆ ಬೆವರು ಕಾಣಿಸಿತು. ಪದ್ಮಾವತಿಬಾಯಿಯವರು ಇದನ್ನು ನೋಡಿದರು. ಅವರು ಎಂದೂ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ, ಆದರೆ ನಾಲ್ಕು ಹೆಣ್ಣುಮಕ್ಕಳ ಮದುವೆಯ ಮಾತುಕತೆ ಆಡಿ ಮುಗಿಸಿದವರು.

"ಕತಿ ತಿದ್ದಬೇಕಾತು ಹಂಗಾರ" ಎಂದರು. "ಸಾಹೇಬ್ರು ರಜಾ ಕೊಟ್ರು ಅಂತ ಬರೀಬೇಕು. ಒಂದು ರಾತ್ರಿಯೊಳಗ ಮುಗಿಸ್ತಾನ ನಮ್ಮ ಭೀಮ. ಆದ್ರ ನೌಕರಿ ಹೋದಾವನ ಕೈ ನಡಗ್ತದ ನೋಡ್ರಿ. ನಡಗೋ ಕೈಲೆ ಸಾಹೇಬ್ರು ಹ್ಯಾಂಗ ಮೂಡ್ತಾರೋ ಏನೋ."

ಸಾಹೇಬರು ಎದ್ದು ಜಗಲಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದರು. "ಆ ಅರ್ಜಿ ಇನ್ನೂ ನನ್ನ ಮೇಜಿನಲ್ಲೇ ಇದೆ. ರಿಜಿಸ್ಟರಿಗೆ ಹೋಗಿಲ್ಲ" ಎಂದು ಯಾರಿಗೂ ಅಲ್ಲದಂತೆ ಹೇಳಿದರು. "ಕಾರಣ ನಾನೇ ಬರೆದದ್ದು. ನಾನು ಬರೆದದ್ದನ್ನ ನಾನು ತಿದ್ದಬಹುದು."

ಮರುದಿನ ತಿದ್ದಿದರು. ನಾನೇ ಆ ಕಾಗದ ಫೈಲಿಗೆ ಹೊಲಿದೆ. ರಜೆ: ಹದಿಮೂರು ಹೊಡೆದುಹಾಕಿ ಎಂಟು. ಕಾರಣ: ಮರಣ ಹೊಡೆದು, ತಾಯಿಯ ಆಗಮನ. ಅದರ ಕೆಳಗೆ ಕಾಯಮ್ಮಿನ ವರದಿಯೂ ಇತ್ತು. "ಕೆಲಸದಲ್ಲಿ ಶ್ರದ್ಧೆ ಇದೆ, ಅಕ್ಷರ ದುಂಡಗಿವೆ" ಎಂದು ಬರೆದಿದ್ದರು.

ಹಳೆಯ ನಾಲ್ಕು ಹಾಳೆ ಬಿಚ್ಚಿ ಹೊಸ ನಾಲ್ಕು ಹಾಳೆ ಹೊಲಿದೆ. ಅಂಚು ಕತ್ತರಿಸಲಿಲ್ಲ. ಹೊಸ ಕತೆಯಲ್ಲಿ ತಾಯಿ ಹಾಲಿನ ಮಾತಾಡಿ ಹೋಗುತ್ತಾಳೆ. ಗುಮಾಸ್ತ ತಂತಿ ಹಿಡಿದು ನಡುಗುತ್ತ ಒಳಗೆ ಹೋಗುತ್ತಾನೆ. ಸಾಹೇಬರು ಎದ್ದು ನಿಂತು, ಬೆನ್ನು ತಟ್ಟಿ, ಕೂಡಲೇ ರಜೆ ಕೊಟ್ಟು, ಸ್ಟೇಷನ್ನಿಗೆ ಹೋಗಲು ಗಾಡಿಯನ್ನೂ ತರಿಸುತ್ತಾರೆ. ಗಾಡಿ ಭೀಮಸೇನರಾಯರ ತಲೆಯಲ್ಲಿರಲಿಲ್ಲ. ಹಾಳೆ ಹೊಲಿಯುವ ಮೊದಲು ಸಾಹೇಬರು ಒಮ್ಮೆ ನೋಡಲು ತರಿಸಿಕೊಂಡಿದ್ದರು.

ಪತ್ರಿಕೆ ಬರೋಡಾ, ಸೂರತ್ತು ತಿರುಗಿ ಬಂತು. ಭೀಮಸೇನರಾಯರು ಕಡೆಯ ಹಾಳೆ ತೆರೆದು ನಿಂತರು, ನಾನು ಅವರ ಹೆಗಲ ಮೇಲಿಂದ ಓದಿದೆ. ಬರೋಡಾದ ಮಾವನವರು ಬರೆದಿದ್ದರು: "ಹಾಲಿನ ಮಾತು ಓದಿ ನಮ್ಮ ಮನೆಯಾಕೆ ಒಳಗೆ ಹೋಗಿ ಒಲೆ ನೋಡಿ ಬಂದಳು." ಸೂರತ್ತಿನ ಬಣ್ಣದ ಮಿಲ್ಲಿನ ನಂಜುಂಡಪ್ಪನವರದು: "ಕತೆ ಬಹಳ ಚೆನ್ನಾಗಿದೆ. ತಾಯಿಯವರು ಈಗ ಹೇಗಿದ್ದಾರೆ?"

ತಿದ್ದಿದ ಕತೆ ನೋಡಬೇಕೆಂದು ಅಹಮದಾಬಾದಿನ ಮನೆಗಳೂ ಕೇಳಿದ್ದರಿಂದ ಅದನ್ನು ಇನ್ನೊಂದು ಸುತ್ತು ಹಂಚಿದೆ. ಸಾಹೇಬರ ಮನೆಯಲ್ಲಿ ಎರಡು ದಿನದ ಬದಲು ನಾಲ್ಕು ದಿನ ಇಟ್ಟುಕೊಂಡರು. ವಾಪಸು ಬಂದಾಗ ಖಾಲಿ ಉಳಿದಿದ್ದ ಕೊನೆಯ ಜಾಗದಲ್ಲಿ ಹಸಿರು ಶಾಯಿಯಲ್ಲಿ ಒಂದು ಅಭಿಪ್ರಾಯವಿತ್ತು:

"ತಾಯಿಯ ಪಾತ್ರ ಸಹಜವಾಗಿ ಬಂದಿದೆ. ಆದರೆ ಸಾಹೇಬನ ಪಾತ್ರ ನಂಬುವಂತಿಲ್ಲ. ಕೇಳಿದ ಕೂಡಲೇ ರಜೆ ಕೊಡುವ ಸಾಹೇಬ ಯಾವ ಕಚೇರಿಯಲ್ಲೂ ಇಲ್ಲ. ಲೇಖಕರು ಅನುಭವವಿಲ್ಲದ್ದನ್ನು ಬರೆಯಬಾರದು."